ಸಂಯಮ ಗಂಡನಿಗೂ ಸೇರಿದ್ದು

ಕ್ರೈಸ್ತ ಸಭೆಗಳಲ್ಲಿ ಕಾಮದ ಮಾತು ಎದ್ದರೆ ಅದು ಮದುವೆಯಾಗದ ಹುಡುಗ ಹುಡುಗಿಯರ ಕಡೆಗೇ ತಿರುಗುತ್ತದೆ. ಯುವಜನರ ಕೂಟವಿರಲಿ, ಬೇಸಿಗೆ ಶಿಬಿರವಿರಲಿ, ಮದುವೆಯವರೆಗೆ ಕಾಯಿರಿ ಎಂಬ ಬೋಧನೆ ತಪ್ಪದು. ಕಾದು, ಮದುವೆಯಾಗಿ, ಒಂದೇ ಮನೆಯಲ್ಲಿ ಬಾಳತೊಡಗಿದ ಮೇಲೆ ಏನು? ಅದಕ್ಕೆ ಪ್ರಸಂಗಪೀಠದಿಂದ ಉತ್ತರ ಬರುವುದು ಅಪರೂಪ. ಉಂಗುರ ತೊಡಿಸಿ ತಾಳಿ ಕಟ್ಟಿದ ದಿನಕ್ಕೆ ಸಂಯಮದ ಪಾಠ ಮುಗಿಯಿತು ಎಂಬಂತೆ ನಡೆದುಕೊಳ್ಳುತ್ತೇವೆ. ಆದರೆ ಕ್ರೈಸ್ತ ಧರ್ಮ ಈ ವಿಷಯದಲ್ಲಿ ಹೇಳಿರುವ ಅತಿ ಬಿಗಿಯಾದ ಮಾತು ಮದುವೆಯಾದವರಿಗೇ ಹೇಳಿದ್ದು. ಅದನ್ನು ಬದಿಗಿಟ್ಟು ಕೊಡುವ ಬೋಧನೆ ಅರ್ಧ ಬೋಧನೆ.

ಕೊರಿಂಥದವರಿಗೆ ಅಪೊಸ್ತಲ ಪೌಲನು ಬರೆದ ಮೊದಲ ಪತ್ರದ 7ನೆಯ ಅಧ್ಯಾಯದಲ್ಲಿ ಆ ಮಾತಿದೆ. ಹೆಂಡತಿಯ ದೇಹದ ಮೇಲೆ ಅಧಿಕಾರ ಗಂಡನದು ಎನ್ನುತ್ತಾನೆ ಪೌಲ. ಇಷ್ಟನ್ನು ನಮ್ಮ ಗಂಡಸರು ಚೆನ್ನಾಗಿ ನೆನಪಿಟ್ಟುಕೊಂಡಿದ್ದಾರೆ. ಅದೇ ಉಸಿರಿನಲ್ಲಿ ಅವನು ಗಂಡನ ದೇಹದ ಮೇಲೆ ಅಧಿಕಾರ ಹೆಂಡತಿಯದು ಎಂದೂ ಹೇಳುತ್ತಾನೆ. ಮನೆಯ ಯಜಮಾನನು ದಾಸಿಯರ ಬಳಿಗೂ ಸೂಳೆಯರ ಬಳಿಗೂ ಹೋದರೆ ಯಾರೂ ಕೇಳದಿದ್ದ ರೋಮನ್ ಲೋಕದಲ್ಲಿ ಮೊದಲ ಮಾತು ಯಾರಿಗೂ ಹೊಸದಲ್ಲ. ಎರಡನೆಯದನ್ನು ಕೇಳಿದವರು ಬೆಚ್ಚಿಬಿದ್ದಿರಬೇಕು. ಅಗಲಿರುವುದಾದರೂ ಇಬ್ಬರೂ ಒಪ್ಪಿ ಅಗಲಿರಬೇಕು, ಅದೂ ಪ್ರಾರ್ಥನೆಗಾಗಿ ಸ್ವಲ್ಪ ಕಾಲ ಮಾತ್ರ. ಸಂಯಮದ ವಿಷಯದಲ್ಲೂ ಒಬ್ಬರು ಇನ್ನೊಬ್ಬರ ಮೇಲೆ ಹೇರುವಂತಿಲ್ಲ. ಯೇಸುವಿನ ಬೆಟ್ಟದ ಪ್ರಸಂಗವೂ ಇದೇ ಕಡೆಗೆ ಬೆರಳು ತೋರುತ್ತದೆ. ಹೆಣ್ಣನ್ನು ಆಸೆಗಣ್ಣಿನಿಂದ ನೋಡಿದ ಗಂಡಸಿನ ಹೃದಯದಲ್ಲೇ ವ್ಯಭಿಚಾರ ನಡೆದುಹೋಯಿತು ಎನ್ನುವಾಗ ಯೇಸು ಆ ಹೆಣ್ಣು ಏನು ಉಟ್ಟಿದ್ದಳೆಂದು ವಿಚಾರಿಸಲು ಹೋಗುವುದಿಲ್ಲ.

ಈ ಅಳತೆಗೋಲು ಹಿಡಿದು ನೋಡಬೇಕಾದ ಒಂದು ಆಚರಣೆ ಕರ್ನಾಟಕದಲ್ಲಿ ದಶಕಗಳಿಂದ ನಡೆದುಬಂದಿದೆ. ಅದು ಕಥೋಲಿಕ ಸಭೆ ಕಲಿಸುವ ಸಹಜ ಕುಟುಂಬ ಯೋಜನೆ. ಮಾತ್ರೆಯಿಲ್ಲ, ಕಾಪರ್-ಟಿ ಇಲ್ಲ, ಆಪರೇಷನ್ ಇಲ್ಲ. ಗರ್ಭ ನಿಲ್ಲುವ ದಿನಗಳನ್ನು ಹೆಂಡತಿ ತನ್ನ ದೇಹದ ಗುರುತುಗಳಿಂದ ತಿಳಿದುಕೊಳ್ಳುತ್ತಾಳೆ; ಮಗು ಬೇಡವೆನಿಸಿದರೆ ಆ ದಿನಗಳಲ್ಲಿ ದಂಪತಿಗಳು ಕೂಡುವುದಿಲ್ಲ. ಮೆಲ್ಬರ್ನಿನ ವೈದ್ಯ ದಂಪತಿಗಳಾದ ಜಾನ್ ಮತ್ತು ಎವ್ಲಿನ್ ಬಿಲ್ಲಿಂಗ್ಸ್ ರೂಪಿಸಿದ ಕ್ರಮದಲ್ಲಿ ಮುಖ್ಯ ಗುರುತು ಯೋನಿಯಿಂದ ಹೋಗುವ ಲೋಳೆ. ಮುಟ್ಟು ನಿಂತ ಮೇಲೆ ಕೆಲವು ದಿನ ಒಣಗಿದಂತಿದ್ದು, ಆಮೇಲೆ ಅಂಟಂಟಾಗಿ, ಕೊನೆಗೆ ಮೊಟ್ಟೆಯ ಬಿಳಿಯಂತೆ ತೆಳುವಾಗಿ ಎಳೆಯಾಗಿ ಬರುತ್ತದೆ. ಓದು ಬಾರದವರೂ ಬಣ್ಣದ ಗುರುತು ಹಾಕಿ ಲೆಕ್ಕ ಇಟ್ಟುಕೊಳ್ಳಬಹುದು.

ವಿಶ್ವ ಆರೋಗ್ಯ ಸಂಸ್ಥೆ 1970ರ ದಶಕದ ಕೊನೆಯಲ್ಲಿ ಈ ಕ್ರಮವನ್ನು ಐದು ಕಡೆ ಪರೀಕ್ಷಿಸಿತು: ಆಕ್ಲೆಂಡ್, ಡಬ್ಲಿನ್, ಮನಿಲಾ, ಎಲ್ ಸಾಲ್ವಡಾರಿನ ಸಾನ್ ಮಿಗೆಲ್ ಮತ್ತು ನಮ್ಮ ಬೆಂಗಳೂರು. ಪಾಲ್ಗೊಂಡ 869 ಹೆಂಗಸರಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಮೊದಲ ತಿಂಗಳಲ್ಲೇ ದೇಹದ ಗುರುತನ್ನು ಓದಲು ಕಲಿತರು. ಹಳ್ಳಿಯ ಹೆಣ್ಣುಮಕ್ಕಳಿಗೆ ಇದೆಲ್ಲ ತಿಳಿಯುವುದಿಲ್ಲ ಎನ್ನುವವರ ಬಾಯಿಗೆ ಬೀಗ ಹಾಕಲು ಇಷ್ಟು ಸಾಕು. ಆದರೂ ವರ್ಷದಲ್ಲಿ ನೂರಕ್ಕೆ ಸುಮಾರು 22 ಮಂದಿ ಬಸಿರಾದರು. 1990ರಲ್ಲಿ ಇದೇ ಮಾಹಿತಿಯನ್ನು ಮತ್ತೆ ಲೆಕ್ಕ ಹಾಕಿದಾಗ ವಿಷಯ ಇನ್ನೂ ಸ್ಪಷ್ಟವಾಯಿತು: ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಮೂವರಷ್ಟೇ ಬಸಿರಾಗುತ್ತಾರೆ, ನಿಯಮ ಮುರಿಯುತ್ತ ಹೋದರೆ 86 ಮಂದಿ. ಕ್ರಮ ಸುಳ್ಳಲ್ಲ. ಹೆಂಗಸರ ತಿಳುವಳಿಕೆಯೂ ಕಡಿಮೆ ಬೀಳಲಿಲ್ಲ. ತಪ್ಪಿದ್ದು, ಬೇಡ ಎಂದು ತಿಳಿದಿದ್ದ ದಿನವೂ ಕೂಡಿದ್ದರಿಂದ. ಆ ರಾತ್ರಿ ಬೇಡ ಎಂದವರು ಯಾರು, ಕೇಳದೆ ಹೋದವರು ಯಾರು ಎಂಬುದು ಅಂಕಿಸಂಖ್ಯೆಗಳ ಒಳಗೆ ಮುಚ್ಚಿಹೋಗಿದೆ. ಆದರೆ ನಮ್ಮ ಮನೆಗಳನ್ನು ಬಲ್ಲವರಿಗೆ ಊಹೆ ಕಷ್ಟವಲ್ಲ.

ಈ ಆಚರಣೆಯ ಬಗ್ಗೆ ನನಗೆ ಗೌರವವಿದೆ. ಹೆಣ್ಣಿಗೆ ತನ್ನ ದೇಹದ ತಿಳುವಳಿಕೆ ಕೊಡುತ್ತದೆ. ಗಂಡನಿಗೆ ತಿಂಗಳಲ್ಲಿ ಹತ್ತು ಹದಿನೈದು ದಿನ ತಡೆದುಕೊಳ್ಳಲು ಹೇಳುತ್ತದೆ. ಉಳಿದ ಯಾವ ವಿಧಾನವೂ ಗಂಡನಿಂದ ಇಷ್ಟನ್ನು ಕೇಳುವುದಿಲ್ಲ. ನನ್ನ ವಿಮರ್ಶೆ ಇರುವುದು ಕಲಿಸುವ ರೀತಿಯ ಮೇಲೆ. ಗುರುತು ನೋಡುವವಳು ಅವಳು, ಬರೆದಿಡುವವಳು ಅವಳು, ತಪ್ಪಿದರೆ ಹೆರುವವಳೂ ಅವಳೇ. ತಡೆದುಕೊಳ್ಳಬೇಕಾದವನಿಗೆ ಮಾತ್ರ ಪಾಠವಿಲ್ಲ. ಕಥೋಲಿಕರಲ್ಲಿ ಮದುವೆಗೆ ಮುಂಚಿನ ತರಬೇತಿಯಲ್ಲಿ ಇಬ್ಬರೂ ಕೂತಿರುತ್ತಾರೆ, ನಿಜ. ಮದುವೆಯ ಸಂಭ್ರಮದಲ್ಲಿ ಕೇಳಿದ ಆ ಮಾತು ಎರಡು ಮಕ್ಕಳಾದ ಮೇಲಿನ ಬದುಕಿಗೆ ಎಷ್ಟು ಉಳಿದೀತು?

ಈ ವಿಷಯದಲ್ಲಿ ಸಭೆಗಳ ದಾರಿ ಎಲ್ಲಿ ಕವಲೊಡೆಯಿತೆಂದು ತಿಳಿಯಲು 1930ನೆಯ ಇಸವಿಯನ್ನು ನೆನೆಯಬೇಕು. ಆ ಜೂನ್‌ನಲ್ಲಿ ಮೈಸೂರು ಸಂಸ್ಥಾನದ ಸರ್ಕಾರ ತನ್ನ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಸಲಹಾ ಕೇಂದ್ರ ತೆರೆಯಲು ಆದೇಶ ಕೊಟ್ಟಿತು. ಜಗತ್ತಿನಲ್ಲಿ ಸರ್ಕಾರವೊಂದು ಹಾಗೆ ಮಾಡಿದ್ದು ಅದೇ ಮೊದಲು ಎನ್ನುತ್ತಾರೆ. ಆಗಸ್ಟಿನಲ್ಲಿ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸೇರಿದ ಆಂಗ್ಲಿಕನ್ ಬಿಷಪ್ಪರು, ಮೊದಲ ದಾರಿ ಸಂಯಮವೇ ಆದರೂ ತಕ್ಕ ಕಾರಣವಿದ್ದರೆ ಬೇರೆ ವಿಧಾನವೂ ಆಗಬಹುದು ಎಂದು ಒಪ್ಪಿದರು. ಡಿಸೆಂಬರ್ 31ರಂದು ಪೋಪ್ 11ನೆಯ ಪಯಸ್ ಕೃತಕ ವಿಧಾನಗಳೆಲ್ಲ ಪಾಪವೆಂದು ಸಾರಿದರು. 1968ರಲ್ಲಿ 6ನೆಯ ಪೌಲ್ ಅದನ್ನೇ ಎತ್ತಿಹಿಡಿದರು. ಇತ್ತ 1947ರಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ನಮ್ಮ ಸಿ.ಎಸ್.ಐ., ಹುಟ್ಟಿದಾಗ ಆಂಗ್ಲಿಕನ್ನರೂ ಲಂಡನ್ ಮಿಷನ್ನಿನವರೂ ಅದರಲ್ಲಿ ಸೇರಿಹೋದರು. ಹೀಗಾಗಿ ಒಂದೇ ಊರಿನ ಇಬ್ಬರು ಕ್ರೈಸ್ತ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಕಾಪರ್-ಟಿ ಪಾಪ, ಇನ್ನೊಬ್ಬಳಿಗೆ ಅದರ ಬಗ್ಗೆ ಸಭೆಯಿಂದ ಮಾತೇ ಇಲ್ಲ. ಈ ಮೌನವನ್ನು ನಾನು ಉದಾರತೆ ಎನ್ನಲಾರೆ. ವಿಧಾನವನ್ನು ದಂಪತಿಗಳಿಗೆ ಬಿಟ್ಟುಕೊಟ್ಟ ಪ್ರಾಟೆಸ್ಟೆಂಟ್ ಸಭೆಗಳು ಸಂಯಮದ ಮಾತನ್ನೂ ಅದರೊಂದಿಗೇ ಕೈಬಿಟ್ಟವು.

ಸಂಯಮದ ಮಾತು ಸಭೆಯ ಹೊರಗೂ ಇತ್ತು. 1935ರ ಡಿಸೆಂಬರಿನಲ್ಲಿ ವಾರ್ಧಾದಲ್ಲಿ ಅಮೆರಿಕದ ಸಂತಾನ ನಿಯಂತ್ರಣ ಹೋರಾಟಗಾರ್ತಿ ಮಾರ್ಗರೆಟ್ ಸ್ಯಾಂಗರ್ ಗಾಂಧೀಜಿಯನ್ನು ಕಂಡು ವಾದಿಸಿದಾಗ ಗಾಂಧೀಜಿ ಹಿಡಿದ ಪಟ್ಟು ಸಂಯಮದ್ದೇ. ಗಂಡನನ್ನು ಎದುರಿಸಿ ನಿಲ್ಲಲು ಹೆಂಡತಿ ಕಲಿಯಬೇಕು ಎಂದರು. ದೊಡ್ಡ ಮಾತು, ಆದರೆ ಇಲ್ಲೂ ಕಲಿಯಬೇಕಾದವಳು ಹೆಂಡತಿಯೇ. ಪೌಲನ ಮಾತು ಇದಕ್ಕಿಂತ ಮುಂದಿದೆ ಎಂದು ನನಗನಿಸುತ್ತದೆ. ಅವನು ಗಂಡನನ್ನೇ ಕರೆದು, ಈ ದೇಹ ನಿನ್ನೊಬ್ಬನದಲ್ಲ ಎಂದು ಹೇಳುತ್ತಾನೆ.

ಇದನ್ನು ಜಂಗಮಕೋಟೆಯಂಥ ಊರಿಗೆ ತಂದು ನೋಡೋಣ. ಶಿಡ್ಲಘಟ್ಟ ತಾಲೂಕಿನ ಈ ಹೋಬಳಿಯಲ್ಲಿ ಕ್ರೈಸ್ತರು ಬೆರಳೆಣಿಕೆಯಷ್ಟು ಮನೆಗಳವರು. ಹಿಪ್ಪುನೇರಳೆ ತೋಟ, ಹುಳುಮನೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ಎಲ್ಲರಿಗೂ ಒಂದೇ. ರೇಷ್ಮೆಹುಳು ಕೊನೆಯ ಬಾರಿ ಪೊರೆ ಕಳಚಿ ‘ಜ್ವರ’ದಿಂದ ಎದ್ದ ಮೇಲೆ ಹೊತ್ತು ಗೊತ್ತಿಲ್ಲದೆ ಸೊಪ್ಪು ಹಾಕಬೇಕು. ಆ ವಾರ ಹೆಂಗಸರಿಗೆ ನಿದ್ದೆಯೇ ಕಡಿಮೆ. ಅಂಥ ದಿನದಲ್ಲೂ ದೇಹದ ಗುರುತು ನೋಡಿ ಚಾರ್ಟು ತುಂಬು ಎನ್ನುವ ಪಾಠ ಇಲ್ಲಿನ ಹೆಣ್ಣಿನ ಬದುಕನ್ನು ನೋಡಿ ಬರೆದದ್ದಲ್ಲ. ಹಾಗಾಗಿ ಅವಳು ಎರಡನೆಯ ಹೆರಿಗೆಯಾಗುತ್ತಲೇ ಆಪರೇಷನ್ ಮಾಡಿಸಿಕೊಳ್ಳುತ್ತಾಳೆ, ಎಷ್ಟೋ ಸಲ ಇಪ್ಪತ್ತೈದು ತುಂಬುವ ಮೊದಲೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಿವಾಹಿತ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಈ ಶಸ್ತ್ರಚಿಕಿತ್ಸೆಯಾಗಿದೆ. ಗಂಡಸರ ಪಾಲು ನೂರಕ್ಕೆ ಒಂದೂ ಇಲ್ಲ. ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ ಸುಮಾರು 62 ಲಕ್ಷ ಗಂಡಸರಿಗೆ ಆಪರೇಷನ್ ಆಯಿತು, ಬಹಳಷ್ಟು ಬಲವಂತದಿಂದ. ಅಂದಿನಿಂದ ಗಂಡಸರ ಆಪರೇಷನ್ನಿನ ಮಾತೇ ಹಿಂದೆ ಸರಿದು, ಆ ಅನ್ಯಾಯದ ಬೆಲೆಯನ್ನು ಇಂದಿಗೂ ಹೆಂಗಸರು ತೆರುತ್ತಿದ್ದಾರೆ. ಚರ್ಚಿನ ಕ್ರಮವಿರಲಿ, ಸರ್ಕಾರದ ಕ್ರಮವಿರಲಿ, ಹೊರೆ ಬಿದ್ದಿರುವುದು ಒಂದೇ ಹೆಗಲಿನ ಮೇಲೆ.

ಕಾನೂನೂ ಬೇರೆ ದಾರಿ ಹಿಡಿಯಲಿಲ್ಲ. 1869ರ ವಿಚ್ಛೇದನ ಕಾಯಿದೆಯಡಿ ಕ್ರೈಸ್ತ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಬಿಡುಗಡೆ ಸಿಗುತ್ತಿತ್ತು. ಹೆಂಡತಿ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ತೊರೆದು ಹೋದದ್ದನ್ನೋ ರುಜುವಾತು ಮಾಡಬೇಕಾಗಿತ್ತು. ಪೌಲ ಸಮವೆಂದದ್ದನ್ನು ಅಸಮ ಮಾಡಿದ ಈ ಕಾಯಿದೆ ಕ್ರೈಸ್ತರ ಹೆಸರಿನಲ್ಲೇ 2001ರ ತಿದ್ದುಪಡಿಯವರೆಗೆ ಬಾಳಿತು. ಇನ್ನು ಹೆಂಡತಿಯ ಒಪ್ಪಿಗೆಯ ಪ್ರಶ್ನೆ. 2022ರ ಮಾರ್ಚಿನಲ್ಲಿ ಕರ್ನಾಟಕ ಹೈಕೋರ್ಟ್ ಗಂಡನೊಬ್ಬನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಮುಂದೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಹದಿನೆಂಟು ದಾಟಿದ ಹೆಂಡತಿಯ ವಿಷಯದಲ್ಲಿ ಗಂಡನಿಗೆ ಹಳೆಯ ವಿನಾಯಿತಿಯನ್ನೇ ಉಳಿಸಿದೆ. ಒಪ್ಪಿಗೆಯಿಲ್ಲದೆ ಕೂಡುವುದು ಮದುವೆಯೊಳಗೂ ಪಾಪ ಎಂದು ಹೇಳಲು ಸಭೆಗಳು ನ್ಯಾಯಾಲಯದ ದಾರಿ ಕಾಯಬೇಕಾಗಿಲ್ಲ. ಅವರ ಕೈಯಲ್ಲಿ ಬೈಬಲ್ ಇದೆ.

ಆದ್ದರಿಂದ ಸಹಜ ಕ್ರಮವನ್ನು ಕಲಿಸುವವರಲ್ಲಿ ನನ್ನ ಬೇಡಿಕೆ ಇಷ್ಟು. ಹೆಣ್ಣು ಒಬ್ಬಳೇ ಬಂದರೂ ದೇಹದ ಗುರುತುಗಳನ್ನು ಕಲಿಸಿ. ಆ ತಿಳುವಳಿಕೆ ಅವಳ ಹಕ್ಕು. ಆದರೆ ಗಂಡ ಬಂದು ಕೂತು, ಕೇಳಿ, ಒಪ್ಪುವವರೆಗೆ ಅದನ್ನು ಕುಟುಂಬ ಯೋಜನೆ ಎಂದು ಅವಳ ಕೈಗೆ ಕೊಡಬೇಡಿ, ಏಕೆಂದರೆ ಅರ್ಧದಷ್ಟು ಕೆಲಸ ಅವನದು. ಗಂಡ ಒಪ್ಪದಿದ್ದರೆ, ಕುಡಿದು ಬರುವವನಾದರೆ, ಅವಳು ಬೇರೆ ವಿಧಾನ ಹುಡುಕಿಕೊಂಡು ಆಶಾ ಕಾರ್ಯಕರ್ತೆಯ ಜೊತೆ ಸರ್ಕಾರಿ ಆಸ್ಪತ್ರೆಗೆ ಹೋದಾಗ ಅವಳನ್ನು ಪಾಪಿ ಎನ್ನಬೇಡಿ. ಪಾದ್ರಿಗಳು ಮಾತಾಡಲೇಬೇಕೆಂದಿದ್ದರೆ ಆ ಮನೆಗೆ ಹೋಗಿ ಮೊದಲು ಗಂಡನ ಜೊತೆ ಮಾತಾಡಲಿ.