ಬಣ್ಣಕ್ಕಿಂತ ಮೊದಲು ಅಂಚು ನೋಡಿ

ಎಸಿಪಿ (ಅಲ್ಯೂಮಿನಿಯಂ ಕಾಂಪೋಸಿಟ್ ಪ್ಯಾನೆಲ್) ಶೀಟ್ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಮೊದಲು ಬಿಡಿಸಿಡುವುದು ಬಣ್ಣದ ಕ್ಯಾಟಲಾಗನ್ನು. ಮರದ ಗೆರೆ, ಅಮೃತಶಿಲೆ, ಕನ್ನಡಿ ಹೊಳಪು, ಎಲ್ಲವೂ ಅದರಲ್ಲಿವೆ. ನಾನು ಮಾತ್ರ ಸ್ಯಾಂಪಲ್ ತುಂಡನ್ನು ಅಡ್ಡ ಹಿಡಿದು ಅಂಚು ನೋಡುತ್ತೇನೆ. ಶೀಟಿನ ಯೋಗ್ಯತೆ ಗೊತ್ತಾಗುವುದು ಅಲ್ಲಿಯೇ.

ಎರಡು ತೆಳು ಅಲ್ಯೂಮಿನಿಯಂ ಹಾಳೆಗಳು, ನಡುವೆ ಪ್ಲಾಸ್ಟಿಕ್ ತಿರುಳು. 1969ರಲ್ಲಿ ಅಲುಕೋಬಾಂಡ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದ ಈ ರಚನೆಯ ಜಾಣ್ಮೆ ಅದರ ಹಗುರತನದಲ್ಲಿದೆ. 4 ಮಿ.ಮೀ. ದಪ್ಪದ ಸಾಮಾನ್ಯ ಶೀಟು ಚದರ ಮೀಟರಿಗೆ ಸುಮಾರು ಐದೂವರೆ ಕೆ.ಜಿ. ತೂಗುತ್ತದೆ, ಅಷ್ಟೇ ಬಿಗಿ ಇರುವ ಗಟ್ಟಿ ಅಲ್ಯೂಮಿನಿಯಂ ತಗಡು ಒಂಬತ್ತು ಕೆ.ಜಿ.ಯ ಹತ್ತಿರ ಬರುತ್ತದೆ. ಆದರೆ ‘3 ಎಂಎಂ’, ‘4 ಎಂಎಂ’ ಎಂಬ ಮಾತು ಒಟ್ಟು ದಪ್ಪದ್ದು. ಮೇಲಿನ ಅಲ್ಯೂಮಿನಿಯಂ ಎಷ್ಟೆಂದು ಕೇಳಿ. 0.5 ಮಿ.ಮೀ. ಇದ್ದರೆ ಹೊರಗೋಡೆಗೆ ಧೈರ್ಯವಾಗಿ ಬಳಸಬಹುದು. 0.25 ಆದರೆ ಅದು ಒಳಾಂಗಣದ ಮಾಲು. ಹೊರಗೆ ಹಾಕಿದರೆ ಗಾಳಿ ಬಿಸಿಲಿಗೆ ಅಲೆಯಲೆಯಾಗಿ ಕಾಣುತ್ತದೆ. ಮೇಲಿನ ಲೇಪನಕ್ಕೂ ಇದೇ ಲೆಕ್ಕ: ಹೊರಗೆ ಪಿವಿಡಿಎಫ್, ಒಳಗೆ ಪಾಲಿಯೆಸ್ಟರ್.

ಈ ಕೆಲಸದಲ್ಲಿ ನನಗೆ ಬಲು ಇಷ್ಟವಾದದ್ದು ಮಡಿಕೆ. ಶೀಟನ್ನು ಮಗುಚಿ ಹಾಕಿ, ಹಿಂಬದಿಯಿಂದ ರೌಟರ್ ಓಡಿಸಿ ‘ವಿ’ ಆಕಾರದ ತೋಡು ತೆಗೆಯುತ್ತಾರೆ. ಹಿಂದಿನ ಅಲ್ಯೂಮಿನಿಯಂ ಪೂರ್ತಿ ಹೋಗಬೇಕು, ತಿರುಳೂ ಹೋಗಬೇಕು; ಆದರೆ ಮುಂದಿನ ಹಾಳೆಗೆ ಅಂಟಿಕೊಂಡಂತೆ 0.3 ಮಿ.ಮೀ.ನಷ್ಟು ತಿರುಳು ಉಳಿಯಲೇಬೇಕು. ಅದನ್ನೂ ಕೆರೆದರೆ ಮೂಲೆ ಬಿರಿಯುತ್ತದೆ, ಹೆಚ್ಚು ಬಿಟ್ಟರೆ ಮೂಲೆ ದುಂಡಗಾಗುತ್ತದೆ. ಪಳಗಿದ ಕೆಲಸಗಾರ ತೋಡಿನೊಳಗಿನ ಪುಡಿಯನ್ನು ಬ್ರಷ್‌ನಿಂದ ಗುಡಿಸಿ, ಎರಡೂ ಅಂಗೈ ಊರಿ ಒಂದೇ ಸಲಕ್ಕೆ ಮಡಿಸುತ್ತಾನೆ. ಮಡಿಸಿದ್ದನ್ನು ಬಿಡಿಸಿ ಮತ್ತೆ ಮಡಿಸುವಂತಿಲ್ಲ; ಲೋಹ ಅಲ್ಲೇ ದಣಿದು ಸೀಳುತ್ತದೆ. ಮಡಿಕೆ ನೇರವಾಗಿ ನಿಂತ ಕಂಬವನ್ನು ನೋಡುತ್ತ ನಿಲ್ಲುವುದೇ ಒಂದು ಸುಖ.

ಇನ್ನೊಂದು ಸೂಕ್ಷ್ಮ. ರಕ್ಷಣಾ ಫಿಲ್ಮಿನ ಮೇಲೆ ಬಾಣದ ಗುರುತುಗಳಿರುತ್ತವೆ. ಎಲ್ಲ ಶೀಟುಗಳ ಬಾಣವೂ ಒಂದೇ ದಿಕ್ಕಿಗಿರಬೇಕು. ಉಳಿದ ತುಂಡು ಹಾಳಾಗಬಾರದೆಂದು ಅಡ್ಡಡ್ಡ ಕತ್ತರಿಸಿ ಹಾಕಿದರೆ, ಮೆಟಾಲಿಕ್ ಬಣ್ಣ ಬಿಸಿಲಿಗೆ ಒಂದೊಂದು ಕಡೆ ಒಂದೊಂದು ಥರ ಕಾಣುತ್ತದೆ. ಕೆಲಸ ಮುಗಿದ ಮೇಲೆ ಫಿಲ್ಮನ್ನು ತಿಂಗಳುಗಟ್ಟಲೆ ಬಿಡಬೇಡಿ. ಬಿಸಿಲಿಗೆ ಅಂಟು ಗಟ್ಟಿಯಾಗಿ ಕೀಳಲು ಬರುವುದಿಲ್ಲ.

ಅಲ್ಯೂಮಿನಿಯಂ ಬಿಸಿಗೆ ಹಿಗ್ಗುತ್ತದೆ. ಎಂಟಡಿ ಶೀಟು 40 ಡಿಗ್ರಿಯ ಏರಿಳಿತಕ್ಕೆ ಎರಡು ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಕಲಬುರಗಿ, ರಾಯಚೂರಿನ ಬಿಸಿಲಿನಲ್ಲಿ ಕಡುಬಣ್ಣದ ಗೋಡೆಗೆ ಇಷ್ಟು ಏರಿಳಿತ ದಿನನಿತ್ಯದ ಮಾತು. ಅದಕ್ಕೇ ಎರಡು ಪ್ಯಾನೆಲ್‌ಗಳ ನಡುವೆ ಸಂದು ಬಿಟ್ಟು, ಒಳಗೆ ಫೋಮ್ ಹುರಿ ಇಟ್ಟು, ಮೇಲೆ ಸಿಲಿಕೋನ್ ತುಂಬುವುದು. ಸಂದೇ ಕಾಣದಂತೆ ಮಾಡಿಕೊಡಿ ಎಂದು ಹಟ ಹಿಡಿಯುವ ಮಾಲೀಕರು ಶೀಟು ಉಬ್ಬುವುದನ್ನು ತಾವೇ ಕೇಳಿ ಪಡೆದಂತೆ.

ಮನೆಯೊಳಗೂ ಇದಕ್ಕೆ ತಕ್ಕ ಜಾಗಗಳಿವೆ. ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಪ್ಲೈವುಡ್ ಉಬ್ಬುತ್ತದೆ, ಗೆದ್ದಲು ಬೇರೆ. ಅಲ್ಯೂಮಿನಿಯಂ ಚೌಕಟ್ಟಿಗೆ ಎಸಿಪಿ ಕೂರಿಸಿದ ಕಪಾಟಿನ ಬಾಗಿಲಿಗೆ ಈ ಎರಡೂ ಕಾಟವಿಲ್ಲ. ಆದರೆ ಒಲೆಯ ಹಿಂದಿನ ಗೋಡೆಗೆ ಬೇಡ. ಅಲ್ಲಿಗೆ ಟೈಲ್ಸೇ ಸರಿ.

ಏಕೆಂದರೆ ತಿರುಳಿನ ಪಾಲಿಥಿಲೀನ್ ಉರಿಯುವ ವಸ್ತು. 2017ರ ಜೂನ್ 14ರಂದು ಲಂಡನ್ನಿನ 24 ಮಹಡಿಯ ಗ್ರೆನ್‌ಫೆಲ್ ಟವರ್‌ನ ನಾಲ್ಕನೇ ಅಂತಸ್ತಿನ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ ಹೊರಗೋಡೆಯ ಹೊದಿಕೆಗೆ ತಗುಲಿ ಮೇಲಕ್ಕೇರಿತು. 72 ಜನ ಸತ್ತರು. ಬೆಂಕಿ ಅಷ್ಟು ವೇಗವಾಗಿ ಹರಡಲು ಪಾಲಿಥಿಲೀನ್ ತಿರುಳಿನ ಪ್ಯಾನೆಲ್‌ಗಳೇ ಮುಖ್ಯ ಕಾರಣವೆಂದು ವಿಚಾರಣೆ ಹೇಳಿತು. 2018ರಲ್ಲಿ ಇಂಗ್ಲೆಂಡ್, 18 ಮೀಟರಿಗಿಂತ ಎತ್ತರದ ಹೊಸ ವಸತಿ ಕಟ್ಟಡಗಳ ಹೊರಗೋಡೆಗೆ ಉರಿಯುವ ವಸ್ತುಗಳನ್ನು ನಿಷೇಧಿಸಿತು. ಖನಿಜ ತುಂಬಿದ ತಿರುಳಿನ ಶೀಟುಗಳು ನಮ್ಮಲ್ಲೂ ಸಿಗುತ್ತವೆ. ಬೆಂಕಿ ಸುರಕ್ಷತೆಯ ‘ಎ2’ ದರ್ಜೆಯದರಲ್ಲಿ ತಿರುಳಿನ ಶೇ. 90ರ ಆಸುಪಾಸು ಖನಿಜವೇ. ಬೆಲೆ ಹೆಚ್ಚು, ತೂಕವೂ ಹೆಚ್ಚು. ಆದರೂ ಆಸ್ಪತ್ರೆ, ಶಾಲೆ, ಅಪಾರ್ಟ್‌ಮೆಂಟಿನ ಮೆಟ್ಟಿಲ ದಾರಿ, ಎತ್ತರದ ಕಟ್ಟಡ ಇವುಗಳಿಗೆ ಬೇರೆ ಆಯ್ಕೆಯೇ ಇರಬಾರದು. ಹೊದಿಕೆಯ ಹಿಂದಿನ ಖಾಲಿ ಜಾಗ ಬೆಂಕಿಗೆ ಚಿಮಣಿಯಾಗುತ್ತದೆ. ಪ್ರತಿ ಮಹಡಿಗೂ ಅಲ್ಲಿ ಬೆಂಕಿತಡೆ ಹಾಕಿಸಬೇಕು.

ಆದ್ದರಿಂದ ಕೊಟೇಶನ್ನಿನಲ್ಲಿ ಚದರಡಿಯ ದರವಷ್ಟೇ ಇದ್ದರೆ ಒಪ್ಪಬೇಡಿ. ಅಲ್ಯೂಮಿನಿಯಂ ದಪ್ಪ, ಲೇಪನ, ತಿರುಳಿನ ದರ್ಜೆ ಮೂರನ್ನೂ ಬರೆಸಿಕೊಳ್ಳಿ, ಪರೀಕ್ಷಾ ಪ್ರಮಾಣಪತ್ರ ಕೇಳಿ. ಮಾಲು ಬಂದಿಳಿದ ದಿನ ಒಂದು ಶೀಟಿನ ಅಂಚನ್ನು ಸ್ಯಾಂಪಲ್ಲಿನ ಪಕ್ಕ ಹಿಡಿದು ತಾಳೆ ನೋಡಿ. ತಾಳೆಯಾಗದಿದ್ದರೆ ಲಾರಿಯನ್ನು ಹಾಗೇ ವಾಪಸು ಕಳಿಸಿ.