ಅಕ್ಕಿ, ಮೆಣಸು ಮತ್ತು ರಾಜನೀತಿ

ಕರಾವಳಿಯ ಇತಿಹಾಸವೆಂದರೆ ಹಡಗೇರಿ ಬಂದವರ ಸಾಹಸಗಾಥೆಯೆಂದೇ ಬಹುಕಾಲ ಬೋಧಿಸಲಾಗಿದೆ. 2000ದಲ್ಲಿ ಪ್ರಕಟವಾದ ಬಿ. ಎಸ್. ಶಾಸ್ತ್ರಿಯವರ ‘ಗೋವಾ–ಕೆನರಾ ಪೋರ್ಚುಗೀಸ್ ರಿಲೇಶನ್ಸ್, 1498–1763’ ಎಂಬ ಇಂಗ್ಲಿಷ್ ಕೃತಿಯನ್ನು ಓದಿದವರಿಗೆ ಆ ಬೋಧನೆ ಸಾಲದೆನಿಸುತ್ತದೆ. ಪೋರ್ಚುಗೀಸರಿಗೆ ತೋಪುಗಳಿದ್ದವು, ಆದರೆ ಗೋವೆಯ ಊಟಕ್ಕೆ ಕೆನರಾದ ಅಕ್ಕಿ ಬೇಕಿತ್ತು, ಲಿಸ್ಬನ್ನಿನ ಮಾರುಕಟ್ಟೆಗೆ ಘಟ್ಟದ ಮೆಣಸು ಬೇಕಿತ್ತು. ಬತ್ತದ ಬೆಲೆಯನ್ನೂ ಅದರ ಬಲವನ್ನೂ ಭದ್ರಾ ನಾಲೆಯ ಊರಾದ ಮಲೆಬೆನ್ನೂರಿನ ಮನೆತನಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸರೂರಿನಿಂದ ಅವರು ಕಪ್ಪವನ್ನೂ ಅಕ್ಕಿಯ ರೂಪದಲ್ಲಿಯೇ ಪಡೆಯುತ್ತಿದ್ದರು.

ಈ ಅವಲಂಬನೆಯನ್ನು ಸ್ಥಳೀಯ ಅರಸರು ಚೆನ್ನಾಗಿ ಅರಿತಿದ್ದರು. ಇಕ್ಕೇರಿಯ ವೆಂಕಟಪ್ಪನಾಯಕನ ರಾಯಭಾರಿ ವಿಠಲ ಶೆಣೈ ಗೋವೆಯಲ್ಲಿದ್ದು ವ್ಯವಹರಿಸಿದನು. 1623ರಲ್ಲಿ ಪೋರ್ಚುಗೀಸರ ರಾಯಭಾರವೇ ಘಟ್ಟ ಹತ್ತಿ ಇಕ್ಕೇರಿಗೆ ಬಂದಿತು. ಜೊತೆಗಿದ್ದ ಇಟಲಿಯ ಪ್ರವಾಸಿ ಪಿಯೆತ್ರೋ ದೆಲ್ಲಾ ವಾಲ್ಲೆ ಅದನ್ನು ಬರೆದಿಟ್ಟಿದ್ದಾನೆ. ಅಂದಿನ ವಿವಾದ ಜೈನ ಓದುಗರಿಗೆ ವಿಶೇಷವಾಗಿ ಮುಖ್ಯವಾದುದು. ಉಳ್ಳಾಲದ ಚೌಟ ರಾಣಿಯೂ ಅವಳಿಂದ ದೂರವಾಗಿದ್ದ ಪತಿ ಬಂಗರಸನೂ ಜೈನರು. ಪೋರ್ಚುಗೀಸರು ಬಂಗನ ಪಕ್ಷ ಹಿಡಿದರು. ವೀರಶೈವನಾದ ವೆಂಕಟಪ್ಪ ರಾಣಿಯ ಬೆನ್ನಿಗೆ ನಿಂತು ಬಂಗನ ಕೋಟೆಯನ್ನು ಕೆಡವಿಸಿದನು. ಮೈತ್ರಿಯ ಗೆರೆ ಮತದ ಗೆರೆಯನ್ನು ಅನುಸರಿಸಲಿಲ್ಲ.

ಅಬ್ಬಕ್ಕನನ್ನು ಸ್ಮರಿಸುವ ಸಭೆಗಳು ಇದನ್ನು ಸಾಮಾನ್ಯವಾಗಿ ದಾಟಿಬಿಡುತ್ತವೆ. 16ನೆಯ ಶತಮಾನದ ಮಧ್ಯದಲ್ಲಿ ಉಳ್ಳಾಲವನ್ನು ಕಾದವಳನ್ನೂ 1623ರ ರಾಣಿಯನ್ನೂ ಬೆರೆಸಿ ಒಬ್ಬಳೇ ವೀರನಾರಿಯನ್ನಾಗಿಸುವುದೂ ಉಂಟು. (ಭಾಷಣಕ್ಕೆ ಅದು ಅನುಕೂಲವೇನೋ ಸರಿ.) ಆಕ್ರಮಣವನ್ನು ತಡೆಯುವ ವಿರೋಧಿ ಹಿಂಸೆ ಗೃಹಸ್ಥನಿಗೆ ಅನಿವಾರ್ಯವಾಗಬಹುದೆಂದು ಶ್ರಾವಕಾಚಾರ ಒಪ್ಪುತ್ತದೆ, ಉಳ್ಳಾಲದ ರಕ್ಷಣೆಗೆ ಅದು ಸಲ್ಲುತ್ತದೆ. ಬಂಗನ ಕೋಟೆಯ ನಾಶಕ್ಕೂ ಅದೇ ಸಮರ್ಥನೆ ಸಾಕೆ? ಬಿಲ್ಲುಬಾಣಗಳ ಚಿತ್ರವೊಂದನ್ನೇ ಪೂಜಿಸಿದರೆ ಈ ಪ್ರಶ್ನೆ ಏಳುವುದೇ ಇಲ್ಲ. ಸಂಧಾನ, ವ್ಯಾಪಾರ, ದಾಂಪತ್ಯದ ಬಿರುಕುಗಳನ್ನು ಕೂಡಿಸಿ ನೋಡಿದಾಗ ಏಳುತ್ತದೆ.

ಶಾಸ್ತ್ರಿಯವರ ಬಲ ಪೋರ್ಚುಗೀಸ್ ಆಕರಗಳ ಮೇಲಿನ ಹಿಡಿತ. ಕೃತಿಯ ಮಿತಿ ಇರುವುದೂ ಅಲ್ಲಿಯೇ. ಕಪ್ಪ, ಕರಾರು, ಮುತ್ತಿಗೆಗಳನ್ನು ಎದುರಾಳಿಯ ಲೇಖನಿ ಬರೆದಿಡುತ್ತದೆ, ಅರಮನೆಯೊಳಗಿನ ಆಲೋಚನೆಯನ್ನಲ್ಲ. ಅದರ ಸುಳಿವು ಬಸದಿಗಳ ಶಾಸನಗಳಲ್ಲಿ, ಹಳೆಯ ಮನೆತನಗಳ ಕಡತಗಳಲ್ಲಿ ಇದ್ದೀತು. ಟ್ರಸ್ಟುಗಳ ಪೆಟ್ಟಿಗೆಗಳಲ್ಲಿ ಗೆದ್ದಲಿಗೆ ಈಡಾಗುತ್ತಿರುವ ಕಾಗದಗಳನ್ನು ಓದುವವರು ಬರುವವರೆಗೆ ರಾಣಿಯ ಕುರಿತು ಪ್ರವಾಸಿಯನ್ನೇ ನೆಚ್ಚಬೇಕಾಗಿದೆ. ಅವನು ಕಂಡಾಗ ಅವಳು ಸಿಂಹಾಸನದ ಮೇಲಿರಲಿಲ್ಲ. ಹೊಲಗಳಿಗೆ ನೀರುಣಿಸುವ ಕಾಲುವೆಯ ಕೆಲಸ ನೋಡಲು ಬರಿಗಾಲಿನಲ್ಲಿ ನಡೆದು ಹೊರಟಿದ್ದಳು.