ಅಮೆರಿಕ ಕಂಡಿತು, ಮಕ್ಕಳು ಕಂಡರೆ?

ಪರದೇಶದಲ್ಲಿ ಓದುತ್ತಿರುವ ಮಗನನ್ನೋ ಮಗಳನ್ನೋ ನೋಡಲು ಹೋಗಿ, ಕೆಲವು ತಿಂಗಳು ಅಲ್ಲಿದ್ದು, ಹಿಂದಿರುಗಿದ ಮೇಲೆ ಒಂದು ಪ್ರವಾಸಕಥನವನ್ನು ಅಚ್ಚು ಹಾಕಿಸುವುದು ನಮ್ಮ ಮಧ್ಯಮವರ್ಗದ ತಂದೆಯರಲ್ಲಿ ಈಗ ಒಂದು ಸಂಪ್ರದಾಯವೇ ಆಗಿಹೋಗಿದೆ. ನಿವೃತ್ತ ಉಪಾಧ್ಯಾಯರು, ಬ್ಯಾಂಕಿನವರು, ವಕೀಲರು, ಇಂಜಿನಿಯರುಗಳು, ಎಲ್ಲರೂ ಬರೆದಿದ್ದಾರೆ. ಇಂಥ ಪುಸ್ತಕಗಳು ನನ್ನ ಕಪಾಟಿನ ಒಂದೂವರೆ ಅಂಕಣವನ್ನು ತುಂಬಿವೆ. ಕೆಲವನ್ನು ನಾನು ಕೊಂಡದ್ದು. ಹೆಚ್ಚಿನವು ಲೇಖಕರ ಹಸ್ತಾಕ್ಷರದೊಡನೆ ತಾವಾಗಿಯೇ ಬಂದವು. ಪುಕ್ಕಟೆ ಬಂದ ಪುಸ್ತಕದ ವಿಷಯದಲ್ಲಿ ನಿಷ್ಠುರವಾಗಿ ಬರೆಯಬಾರದೆಂಬ ದಾಕ್ಷಿಣ್ಯ ನಮ್ಮಲ್ಲಿ ಉಂಟು. ಯಾರ ಹೆಸರನ್ನೂ ಎತ್ತದೆ, ಆ ದಾಕ್ಷಿಣ್ಯವನ್ನು ಸ್ವಲ್ಪ ಹೊತ್ತು ಬದಿಗಿಟ್ಟು ನಾಲ್ಕು ಮಾತು ಬರೆಯಬೇಕೆನಿಸಿದೆ.

ಈ ಪುಸ್ತಕಗಳಲ್ಲಿ ಏನಿರುತ್ತದೆ? ಮೊದಲ ಅಧ್ಯಾಯದಲ್ಲಿ ವೀಸಾ. ಎರಡನೆಯದರಲ್ಲಿ ವಿಮಾನ, ಅದರ ಬೆಲ್ಟು, ಗಗನಸಖಿ, ಸಸ್ಯಾಹಾರವೆಂದು ಕೇಳಿದರೆ ಬಂದ ಎಲೆಸೊಪ್ಪು. ಮೂರನೆಯದರಲ್ಲಿ ಸುಂಕದ ಅಧಿಕಾರಿ ಸಾರಿನಪುಡಿಯ ಪೊಟ್ಟಣವನ್ನು ಮೂಸಿ ನೋಡಿದ ಪ್ರಸಂಗ. ಆಮೇಲೆ ರಸ್ತೆಗಳು: ಎಷ್ಟು ಅಗಲ, ಎಷ್ಟು ಚೊಕ್ಕಟ, ಒಬ್ಬನೂ ಹಾರನ್ನು ಒತ್ತುವುದಿಲ್ಲ! ಆಮೇಲೆ ಗುಣಾಕಾರ. ಒಂದು ಕಾಫಿಗೆ ಇಷ್ಟು ಡಾಲರು, ಅಂದರೆ ನಮ್ಮ ರೂಪಾಯಿಯಲ್ಲಿ ಇಷ್ಟು. ಒಂದು ಕ್ಷೌರಕ್ಕೆ ಇಷ್ಟು, ಅಂದರೆ ನಮ್ಮೂರಿನಲ್ಲಿ ಒಂದು ವರ್ಷದ ಕ್ಷೌರ. ಈ ಗುಣಾಕಾರವಿಲ್ಲದ ಒಂದು ಪುಸ್ತಕವನ್ನೂ ನಾನು ಕಂಡಿಲ್ಲ. ಕೊನೆಯ ಕಡೆಗೆ ನಯಾಗರ, ವಾಷಿಂಗ್ಟನ್ನು, 1976ರಲ್ಲಿ ಪ್ರತಿಷ್ಠೆಯಾದ ಪಿಟ್ಸ್‌ಬರ್ಗಿನ ವೆಂಕಟೇಶ್ವರ. ತೀರ ಕೊನೆಗೆ, ಏನಾದರೂ ನಮ್ಮ ದೇಶವೇ ನಮಗೆ ಚೆನ್ನ ಎಂಬ ಒಂದು ನಿಟ್ಟುಸಿರು.

ಇದೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಬರೆದವರು ಸಜ್ಜನರು, ಕಂಡದ್ದನ್ನೇ ಬರೆದಿದ್ದಾರೆ. ನನ್ನ ತಕರಾರು ಬೇರೆ. ಇವರು ಹೋದದ್ದು ಯಾರನ್ನು ನೋಡಲು? ಮಗನನ್ನು. ಇನ್ನೂರು ಪುಟಗಳಲ್ಲಿ ಮಗ ಎಷ್ಟು ಸಲ ಬರುತ್ತಾನೆ? ವಿಮಾನನಿಲ್ದಾಣದಲ್ಲಿ ಕಾರಿನ ಬಾಗಿಲು ತೆರೆಯಲು ಒಂದು ಸಲ, ನಯಾಗರದ ಮುಂದೆ ಚಿತ್ರ ತೆಗೆಯಲು ಒಂದು ಸಲ, ಹಿಂದಿರುಗುವ ದಿನ ಕಣ್ಣೊರಸಿಕೊಳ್ಳಲು ಇನ್ನೊಂದು ಸಲ. ಅವನ ಹೆಸರಿನ ಹಿಂದೆ ‘ಚಿರಂಜೀವಿ’ ಎಂದಿರುತ್ತದೆ. ಅದರ ಹೊರತು ಅವನನ್ನು ಕುರಿತು ನಮಗೆ ತಿಳಿಯುವುದು ಅಷ್ಟಕ್ಕಷ್ಟೆ.

ಈ ಪ್ರಕಾರದ ಹಿನ್ನೆಲೆಯನ್ನು ಒಂದಿಷ್ಟು ನೋಡಬೇಕು. ಮೊದಮೊದಲು ಪರದೇಶವನ್ನು ಕುರಿತು ಬರೆದವರಲ್ಲಿ ಓದಲು ಹೋದ ಮಕ್ಕಳೇ ಮುಂದಿದ್ದರು. ವಿನಾಯಕ ಕೃಷ್ಣ ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿದ್ದರು. ಆ ಪ್ರವಾಸದ ಫಲವಾಗಿ ನಮಗೆ ‘ಸಮುದ್ರದಾಚೆಯಿಂದ’ ಬಂತು. ಡಿ.ವಿ.ಜಿ.ಯವರ ಮಗ ಬಿ.ಜಿ.ಎಲ್. ಸ್ವಾಮಿ ಸಸ್ಯಶಾಸ್ತ್ರದ ಸಂಶೋಧನೆಗೆಂದು ಹಾರ್ವರ್ಡಿಗೆ ಹೋದವರು, ‘ಅಮೆರಿಕದಲ್ಲಿ ನಾನು’ ಬರೆದರು. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದದ್ದು ಇಂಗ್ಲೆಂಡಿನ ವರ್ಣನೆಯನ್ನಲ್ಲ, ತೀರ್ಥಹಳ್ಳಿಯ ಕಡೆಯ ಅಗ್ರಹಾರವೊಂದರ ಕಥೆಯಾದ ‘ಸಂಸ್ಕಾರ’ವನ್ನು. ತಂದೆಯರ ಸರದಿ ಬಂದದ್ದು ತಡವಾಗಿ. ವಲಸೆಯ ಕಾನೂನು 1965ರಲ್ಲಿ ಸಡಿಲಗೊಂಡು, ಅಮೆರಿಕಕ್ಕೆ ಹೋದ ಮಕ್ಕಳು ಅಲ್ಲಿಯೇ ಮನೆ ಹೂಡಿದ ಮೇಲೆ ತಂದೆತಾಯಿಗಳು ಹೊರಟರು. ಹೀಗೆ ಹೋದವರಲ್ಲಿ ನಮ್ಮ ಹಾಸನ ಜಿಲ್ಲೆಯ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರೂ ಒಬ್ಬರು. ‘ಅಮೆರಿಕದಲ್ಲಿ ಗೊರೂರು’ ಕೃತಿಗೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಅದರ ಹಿಂದಿನ ವರ್ಷ ಬಹುಮಾನ ಪಡೆದ ಎ.ಎನ್. ಮೂರ್ತಿರಾಯರೂ ‘ಅಪರವಯಸ್ಕನ ಅಮೆರಿಕಾ ಯಾತ್ರೆ’ ಬರೆದಿದ್ದಾರೆ; ಬಹುಮಾನ ಬಂದದ್ದು ಮಾತ್ರ ‘ಚಿತ್ರಗಳು-ಪತ್ರಗಳು’ ಎಂಬ ಬೇರೆ ಪುಸ್ತಕಕ್ಕೆ.

ಈ ಮೂರು ಹೆಸರುಗಳನ್ನು ಒಟ್ಟಿಗೆ ಇಟ್ಟು ನೋಡಿ. ‘ಅಮೆರಿಕದಲ್ಲಿ ನಾನು’ ಎನ್ನುವವನು ಪ್ರಾಯದ ಮಗ. ಅವನಿಗೆ ತಾನು ಎಂಬುದರಲ್ಲಿ ಸಂಶಯವಿಲ್ಲ. ‘ಅಪರವಯಸ್ಕನ’ ಎನ್ನುವಾಗ ಮೂರ್ತಿರಾಯರು ತಮ್ಮ ಮುಪ್ಪನ್ನೇ ಹೊಸ್ತಿಲಲ್ಲಿ ಕೂರಿಸುತ್ತಾರೆ. ‘ಯಾತ್ರೆ’ ಎಂಬ ಮಾತಿನಲ್ಲಿ ಕಾಶಿಗೆ ಹೊರಟ ಹಿರಿಯನ ನಗೆಯೂ ಇದೆ. ಗೊರೂರರದು ಇನ್ನೂ ಸೊಗಸು. ಅಮೆರಿಕಕ್ಕೆ ಹೋದದ್ದು ಮನುಷ್ಯನೋ ಊರೋ ಗೊತ್ತಾಗುವುದಿಲ್ಲ. ಹೇಮಾವತಿಯ ದಂಡೆಯ ಆ ಊರನ್ನು ಅವರು ‘ಹಳ್ಳಿಯ ಚಿತ್ರಗಳು’, ‘ನಮ್ಮ ಊರಿನ ರಸಿಕರು’ ಕಾಲದಿಂದ ಹೊತ್ತುಕೊಂಡೇ ತಿರುಗಿದವರು. ಅದೇ ಊರಿನ ಬಳಿ ಹೊಳೆಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿದು ಸುತ್ತಣ ಹಳ್ಳಿಗಳು ಮುಳುಗಿದವು. ಹಳ್ಳಿಯನ್ನು ಬರೆದ ಲೇಖಕ ಹಳ್ಳಿಗಳು ನೀರಿಗೆ ಹೋಗುವ ಹೊತ್ತಿನಲ್ಲೇ ಅಮೆರಿಕವನ್ನು ಬರೆದರು ಎಂಬುದನ್ನು ನೆನೆದರೆ, ಆ ಶೀರ್ಷಿಕೆಯ ಹಾಸ್ಯ ನನಗೆ ಬರಿಯ ಹಾಸ್ಯವಾಗಿ ಕೇಳಿಸುವುದಿಲ್ಲ. ಅವರ ಹಿಂದೆ ಬಂದವರು ಹಿಡಿದುಕೊಂಡದ್ದು ಅಮೆರಿಕವನ್ನು, ಗೊರೂರನ್ನು ಬಿಟ್ಟರು.

ನಮ್ಮ ಸೀಮೆಯವರಂತೂ ಬಿಡಬಾರದಾಗಿತ್ತು. ಅದಕ್ಕೆ ಕಾರಣವನ್ನು ಹೇಳುತ್ತೇನೆ. ಅರಸೀಕೆರೆಯಲ್ಲಿ ಹುಟ್ಟಿ ಬೆಳೆದ ನಾವು ಪ್ರವಾಸಿಗಳನ್ನು ನೋಡಿಯೇ ದೊಡ್ಡವರಾದವರು. ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆ ಹೋಗುವ ಹಳಿ, ಮೈಸೂರಿನಿಂದ ಹಾಸನದ ಮೇಲೆ ಬರುವ ಹಳಿ, ಎರಡೂ ಸೇರುವ ಜಂಕ್ಷನ್ನು ನಮ್ಮದು. ಬೇಲೂರು ಹಳೇಬೀಡಿಗೆಂದು ಬಂದವರು ನಮ್ಮಲ್ಲಿ ಇಳಿಯುತ್ತಿದ್ದರು, ಬಾಡಿಗೆ ಕಾರು ಹಿಡಿಯುತ್ತಿದ್ದರು, ಸಂಜೆಯ ರೈಲಿಗೆ ಹಿಂದಿರುಗುತ್ತಿದ್ದರು. ಊರೊಳಗೇ ಹೊಯ್ಸಳರ ಕಾಲದ ಶಿವಾಲಯವಿದೆ, ಅದರ ಮುಂದಿನ ನಕ್ಷತ್ರಾಕಾರದ ಮಂಟಪದಂಥದು ಹುಡುಕಿದರೂ ಸುಲಭವಾಗಿ ಸಿಕ್ಕದು; ಅದನ್ನು ನೋಡಲು ಅವರಿಗೆ ಪುರುಸೊತ್ತಿಲ್ಲ. ಬೇಲೂರಿನಲ್ಲಿ ದರ್ಪಣಸುಂದರಿ, ನರಸಿಂಹ ಕಂಬ, ಮುಗಿಯಿತು. ಅಲ್ಲಿಂದ ಹದಿನಾರು ಕಿಲೋಮೀಟರು ಹಳೇಬೀಡು. ಆನೆಯ ಸಾಲು, ಕುದುರೆಯ ಸಾಲು, ದೊಡ್ಡ ನಂದಿ, ಮುಗಿಯಿತು. 2023ರಲ್ಲಿ ಈ ದೇವಾಲಯಗಳು ಸೋಮನಾಥಪುರದ ಜೊತೆಗೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೂ ನೋಡುವ ಕ್ರಮ ಬದಲಾದಂತಿಲ್ಲ. ಅವರು ಚಿತ್ರ ತೆಗೆಯುವಾಗ ಎಳನೀರು ಕೊಚ್ಚುವವನೂ ಅದರೊಳಗೆ ಬೀಳುತ್ತಿದ್ದ. ಅವನ ಮನೆಯಲ್ಲಿ ಎಷ್ಟು ಮಂದಿ ಎಂದು ಯಾರೂ ಕೇಳುತ್ತಿರಲಿಲ್ಲ. ನೋಡಿಸಿಕೊಳ್ಳುವುದು ಎಂದರೇನೆಂದು ಬಲ್ಲ ಜನ ನಾವು. ಅಂಥ ನಾವೇ ಕ್ಯಾಮೆರಾ ಹಿಡಿದು ಹೋದಾಗ, ಬೆಳಿಗ್ಗೆ ಬಂದು ಸಂಜೆ ಹೋಗುವವನ ಕಣ್ಣಿನಿಂದಲೇ ಆ ದೇಶವನ್ನು ನೋಡಿದೆವು. ದೇಶವನ್ನು ಹಾಗೆ ನೋಡಿದರೂ ಚಿಂತೆಯಿಲ್ಲ, ಹೆತ್ತ ಮಗುವನ್ನೂ ಹಾಗೆಯೇ ನೋಡಿ ಬಂದರಲ್ಲ ಎಂಬುದು ನನ್ನ ಸಂಕಟ.

ಬೇಲೂರಿನಲ್ಲಿಯೇ ಈ ವಿಷಯಕ್ಕೆ ಸಂಬಂಧಿಸಿದ ಒಂದು ಕಥೆ ಇದೆ. ಎಲ್ಲರಿಗೂ ಗೊತ್ತಿರುವುದೇ. ಶಿಲ್ಪಿ ಜಕಣಾಚಾರಿ ಮನೆ ಬಿಟ್ಟು ಹೋದವನು. ಅವನು ಹೋದ ಮೇಲೆ ಹುಟ್ಟಿದ ಮಗ ಡಂಕಣ ಬೆಳೆದು ತಂದೆಯನ್ನು ಹುಡುಕುತ್ತ ಬೇಲೂರಿಗೆ ಬರುತ್ತಾನೆ. ತಂದೆಯೆಂದು ತಿಳಿಯದೆಯೇ, ಈ ವಿಗ್ರಹದ ಕಲ್ಲಿನಲ್ಲಿ ದೋಷವಿದೆ ಎನ್ನುತ್ತಾನೆ. ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆ ಎಂದು ಜಕಣಾಚಾರಿಯ ಪಣ. ಹೊಟ್ಟೆಯ ಬಳಿ ಒಡೆದರೆ ನೀರು, ಅದರೊಳಗೆ ಕಪ್ಪೆ. ತಂದೆ ಬಲಗೈ ಕಳೆದುಕೊಳ್ಳುತ್ತಾನೆ. ಮುಂದೆ ತುಮಕೂರಿನ ಬಳಿಯ ಕೈದಾಳದಲ್ಲಿ ಕೇಶವನನ್ನು ಪ್ರತಿಷ್ಠಿಸಿದಾಗ ಅದು ಮರಳಿ ಬರುತ್ತದೆ. ಕಪ್ಪೆ ಚೆನ್ನಿಗರಾಯ ಇಂದಿಗೂ ಅಲ್ಲಿದ್ದಾನೆ. ಇತಿಹಾಸಜ್ಞರು ಇದನ್ನು ಐತಿಹ್ಯವೆಂದು ಬದಿಗಿಡುತ್ತಾರೆ. ಇಡಲಿ. ಆದರೆ ತಂದೆಯೂ ಮಗುವೂ ಪರಸ್ಥಳದಲ್ಲಿ ಭೇಟಿಯಾದಾಗ ನಡೆಯುವುದೇನೆಂಬುದನ್ನು ಈ ಕಥೆ ಕಟ್ಟಿದ ಹಳ್ಳಿಯವರು ನಮ್ಮ ಪ್ರವಾಸಕಥನಕಾರರಿಗಿಂತ ಚೆನ್ನಾಗಿ ಬಲ್ಲರು. ಮಗು ತನಗಿಂತ ಹೆಚ್ಚು ತಿಳಿದಿದೆ ಎಂದು ಹೆತ್ತವನಿಗೆ ಗೊತ್ತಾಗುವ ಗಳಿಗೆ ಅದು. ಅಲ್ಲಿ ಹೆಮ್ಮೆಯೂ ಇದೆ, ಕೈ ಕಡಿದಷ್ಟು ನೋವೂ ಇದೆ.

ಇತಿಹಾಸವೇ ಬೇಕೆನ್ನುವವರಿಗೆ ಇನ್ನೊಂದು ಜೋಡಿ ಇದೆ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಆ ಗುಡಿಯ ಮದನಿಕೆಯರ ಕೆಳಗೆ ಶಿಲ್ಪಿಗಳು ತಮ್ಮ ಹೆಸರು ಕೊರೆದಿದ್ದಾರೆ. ಬಳ್ಳಿಗಾವೆಯ ದಾಸೋಜ ಅವರಲ್ಲಿ ಒಬ್ಬ. ಅವನ ಮಗ ಚಾವಣ ಇನ್ನೊಬ್ಬ. ತಮ್ಮ ಊರನ್ನು ಬಿಟ್ಟು ಬಂದು ತಂದೆ ಮಕ್ಕಳಿಬ್ಬರೂ ಒಂದೇ ಗೋಡೆಗೆ ದುಡಿದರು. ಮಗ ಕೆತ್ತಿದ್ದು ಯಾವುದು, ತಂದೆ ಕೆತ್ತಿದ್ದು ಯಾವುದು ಎಂದು ಬೇರೆಬೇರೆಯಾಗಿ ಗುರುತಿಸಬಹುದು. ನನ್ನ ಕಪಾಟಿನ ಪುಸ್ತಕಗಳಲ್ಲಿ ಮಗನ ದುಡಿಮೆಯನ್ನು ಹೀಗೆ ಗುರುತಿಸಿದ್ದು ಎಲ್ಲಿದೆ? ‘ಚಿರಂಜೀವಿಯು ಕಂಪ್ಯೂಟರಿನಲ್ಲಿ ಏನೋ ಸಂಶೋಧನೆ ಮಾಡುತ್ತಿದ್ದಾನೆ’ ಎಂಬ ಆ ‘ಏನೋ’ ನನ್ನನ್ನು ಬಹಳ ಕೆಣಕುತ್ತದೆ. ಕಾಫಿಯ ಬೆಲೆಯನ್ನು ಸೆಂಟಿನವರೆಗೆ ಬರೆದುಕೊಂಡ ಮಹನೀಯರು ಮಗ ಏನು ಓದುತ್ತಾನೆಂದು ಅವನನ್ನೇ ಕೇಳಿ ಒಂದು ಪುಟ ಬರೆಯಬಾರದೆ?

ನಾನೂ ನನ್ನ ಹೆಂಡತಿಯೂ ಮಗಳನ್ನು ನೋಡಲು ಹೋಗಿದ್ದೆವು. ಆ ಪ್ರವಾಸವನ್ನು ಇಲ್ಲಿ ಬರೆಯುವುದಿಲ್ಲ. ಎರಡು ಸಂಗತಿ ಮಾತ್ರ. ನಾಲ್ವರು ಹುಡುಗಿಯರು ಹಂಚಿಕೊಂಡ ಮನೆ. ತನ್ನ ಮಂಚವನ್ನು ನಮಗೆ ಕೊಟ್ಟು ಅವಳು ನಡುಮನೆಯ ನೆಲದ ಮೇಲೆ ಮಲಗುತ್ತಿದ್ದಳು. ವಿದ್ಯಾರ್ಥಿಗಳು ಪಾಠದ ದಿನಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆ ವಿಶ್ವವಿದ್ಯಾಲಯದೊಳಗೇ ದುಡಿಯಬಹುದೆಂಬ ನಿಯಮವಿದೆಯಷ್ಟೆ. ಅವಳು ಗ್ರಂಥಾಲಯದಲ್ಲಿ ರಾತ್ರಿಯ ಪಾಳಿ ಮಾಡುತ್ತಿದ್ದಳು. ಒಂದು ದಿನ ಮೇಜಿನ ಮೇಲೆ ಅವಳ ಲೆಕ್ಕದ ಪುಸ್ತಕ ತೆರೆದು ಬಿದ್ದಿತ್ತು. ‘ಅಪ್ಪ ಅಮ್ಮ ಬಂದಾಗ’ ಎಂದು ತಲೆಬರಹ. ಕೆಳಗೆ ಒಂದೂವರೆ ವರ್ಷದಿಂದ ಐದು ಡಾಲರು, ಎಂಟು ಡಾಲರು, ಹೀಗೆ ಕೂಡಿಟ್ಟ ಹಣ. ನಾವು ನಯಾಗರ ನೋಡಿದ್ದು ಆ ಹಣದಲ್ಲಿ. ನನ್ನ ಕಪಾಟಿನಲ್ಲಿ ನಯಾಗರದ ವರ್ಣನೆ ಹತ್ತೊಂಬತ್ತು ಇವೆ. ‘ಧುಮ್ಮಿಕ್ಕುವ’ ಎಂಬ ಮಾತು ಹತ್ತೊಂಬತ್ತರಲ್ಲಿಯೂ ಇದೆ. ಟಿಕೆಟ್ಟಿಗೆ ದುಡ್ಡು ಯಾರು ಕೊಟ್ಟರೆಂಬುದು ಒಂದರಲ್ಲಿಯೂ ಇಲ್ಲ.

ಇನ್ನೊಂದು ಸಂಗತಿ: ರಸ್ತೆ ದಾಟುವಾಗ ಅವಳು ನನ್ನ ತೋಳು ಹಿಡಿದು, “ಅಪ್ಪಾ, ನಿಂತ್ಕೋ, ನಾನು ಹೇಳಿದಾಗ ಬಾ” ಎಂದಳು. ಅರಸೀಕೆರೆಯ ಸಂತೆಯಲ್ಲಿ ನಾನು ಅವಳಿಗೆ ಹೇಳುತ್ತಿದ್ದ ಮಾತು ಅದು, ಅಕ್ಷರ ಬದಲಾಗಿಲ್ಲ.

ಹಣದ ವಿಷಯದಲ್ಲಿ ಈ ಪುಸ್ತಕಗಳ ಮೌನ ಇನ್ನೂ ವಿಚಿತ್ರವಾದದ್ದು. ಅಲ್ಲಿಯ ಬೆಲೆಗಳೆಲ್ಲ ಇವೆ, ಇಲ್ಲಿಯ ಸಾಲವಿಲ್ಲ. ನಮ್ಮ ಕಡೆ ಮಕ್ಕಳು ಹೊರದೇಶಕ್ಕೆ ಹೋಗುವುದು ತೆಂಗಿನ ತೋಟದ ಮೇಲೆ. ಪತ್ರ ಬ್ಯಾಂಕಿನಲ್ಲಿ, ಕೊಬ್ಬರಿಯ ಧಾರಣೆ ಇಳಿದ ವಾರ ಮನೆಯಲ್ಲಿ ಮಾತು ಕಡಿಮೆ. ಹಾಗೆ ಕಳುಹಿಸಿದ ಮಗನ ಊಟದ ಮೇಜಿಗೆ ಕುಳಿತಾಗ ತಂದೆಯ ಮನಸ್ಸಿನಲ್ಲಿ ಒಂದೇ ಪ್ರಶ್ನೆ: ಇವನು ವಾಪಸು ಬರುತ್ತಾನೆಯೆ? ಮಗನ ಮನಸ್ಸಿನಲ್ಲಿಯೂ ಅದೇ: ಇವರು ಇವತ್ತು ಕೇಳುತ್ತಾರೆಯೆ? ಇಬ್ಬರೂ ರಸ್ತೆಯ ಅಗಲವನ್ನು ಕುರಿತು ಮಾತಾಡುತ್ತಾರೆ. ಮನೆಯಲ್ಲಿ ಹಾಗೆ ಮಾತಾಡಿದ್ದು ಸಹಜ; ಪುಸ್ತಕದಲ್ಲಿಯೂ ಅದೇ ಮಾತನ್ನು ಮುಂದುವರಿಸಿದರೆ ಬರೆದು ಏನು ಪ್ರಯೋಜನ?

ತಾಯಂದಿರು ಬರೆದದ್ದು ನನ್ನ ಕಪಾಟಿನಲ್ಲಿ ಎರಡೇ. ಬರೆಯದವರು ಹೇಳುವುದನ್ನು ಕೇಳಿದ್ದೇನೆ. ಬೇಲೂರಿನ ಬಸ್ಸಿನಲ್ಲಿ ಒಬ್ಬ ಹಿರಿಯ ಮುತ್ತೈದೆ ಪಕ್ಕದವಳಿಗೆ ಹೇಳುತ್ತಿದ್ದರು: “ಒಲೆ ಹಚ್ಚೋಕೆ ಅವನನ್ನ ಕೇಳ್ಬೇಕು ಕಣ್ರೀ. ಒಗ್ಗರಣೆ ಹಾಕಿದ್ರೆ ಗೋಡೇಲಿ ಗಂಟೆ ಹೊಡ್ಕೊಳ್ಳುತ್ತೆ. ಅವನು ಓಡಿ ಬಂದು ಕಿಟಕಿ ತೆಗ್ದು, ಟವಲ್ ಬೀಸ್ತಾನೆ. ಬೈಯಲ್ಲ. ಬೈದಿದ್ರೆ ಚೆನ್ನಾಗಿರ್ತಿತ್ತು.” ಆ ಕೊನೆಯ ಮಾತಿನಷ್ಟು ಸತ್ಯ ನನ್ನ ಒಂದೂವರೆ ಅಂಕಣದಲ್ಲಿ ವಿರಳ. ಗೊರೂರರು ಇದ್ದಿದ್ದರೆ ಆ ಬಸ್ಸಿನಲ್ಲಿಯೇ ಪೆನ್ಸಿಲು ತೆಗೆಯುತ್ತಿದ್ದರು.

ಈಚೆಗೆ ನಮ್ಮ ಊರಿನ ನಿವೃತ್ತ ಉಪಾಧ್ಯಾಯರೊಬ್ಬರು ಮುನ್ನುಡಿ ಬರೆಯಿರೆಂದು ಒಂದು ಹಸ್ತಪ್ರತಿ ತಂದುಕೊಟ್ಟರು. ಭಾಷೆ ಶುದ್ಧವಾಗಿದೆ, ವಿಮಾನವಿದೆ, ಗುಣಾಕಾರವಿದೆ, ಎಲ್ಲ ಇದೆ. ಓದಿ ಮುಗಿಸಿ, “ಸ್ವಾಮಿ, ನಿಮ್ಮ ಮಗ ರಾತ್ರಿ ಏನು ಊಟ ಮಾಡುತ್ತಿದ್ದ?” ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾವು ಹೋಗುವವರೆಗೆ ಸರಿಯಾಗಿ ಮಾಡುತ್ತಿರಲಿಲ್ಲವಂತೆ. ಜೊತೆಯ ಹುಡುಗ ಹೇಳಿದ” ಎಂದರು. “ಅದು ಇದರಲ್ಲಿ ಎಲ್ಲಿದೆ?” ಎಂದೆ. “ಅದನ್ನೆಲ್ಲ ಬರೆಯುವುದು ಹೇಗೆ? ಅವನೂ ಓದುತ್ತಾನಲ್ಲ!” ಎಂದು ಹಸ್ತಪ್ರತಿಯನ್ನು ಚೀಲದೊಳಗೆ ಇಟ್ಟುಕೊಂಡರು. ಎರಡು ತಿಂಗಳಾಯಿತು, ಇನ್ನೂ ಮುನ್ನುಡಿ ಕೇಳಿಕೊಂಡು ಬಂದಿಲ್ಲ. ಪುಸ್ತಕವನ್ನು ಕೈಬಿಟ್ಟರೋ, ತಿದ್ದುತ್ತಿದ್ದಾರೋ! ತಿದ್ದುತ್ತಿದ್ದರೆ ಮುನ್ನುಡಿ ಬರೆಯಲು ನಾನು ಸಿದ್ಧ.